ಹೊರಗೆ ಕೂತವರ ಪ್ರಶ್ನೆ

ಜಿಮ್ನಾಸ್ಟಿಕ್ಸ್ ಅಕಾಡೆಮಿಯ ಹೊರಗೆ ಸಂಜೆ ಹೊತ್ತು ಮಕ್ಕಳಿಗಾಗಿ ಕಾಯುವ ಅಪ್ಪ-ಅಮ್ಮಂದಿರ ಬಾಯಲ್ಲಿ ಕೋಚ್ ಬಗ್ಗೆ ಎರಡು ಬಗೆಯ ದೂರುಗಳಿರುತ್ತವೆ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ಅಂಥದೊಂದು ಬಾಗಿಲ ಬಳಿ ಅರ್ಧ ಗಂಟೆ ನಿಂತರೆ ಎರಡೂ ಕಿವಿಗೆ ಬೀಳುತ್ತವೆ. ಒಂದು ಗಟ್ಟಿ ದನಿಯದು. 'ನಮ್ಮವಳ ಜೊತೆಗೇ ಸೇರಿದ ಹುಡುಗಿ ಆಗಲೇ ಬ್ಯಾಕ್ ವಾಕೋವರ್ ಮಾಡ್ತಿದ್ದಾಳೆ, ಇವಳಿನ್ನೂ ಕಾರ್ಟ್‌ವೀಲ್‌ನಲ್ಲೇ ಇದ್ದಾಳೆ.' 'ಜಿಲ್ಲಾ ಮಟ್ಟದ ಪಟ್ಟಿಯಲ್ಲಿ ಹೆಸರೇ ಇಲ್ಲ ನೋಡಿ.' 'ಇಷ್ಟು ಫೀಸು ಕಟ್ಟಿಸಿಕೊಂಡು ಬರೀ ಪುಷ್-ಅಪ್ ಮಾಡಿಸ್ತಾರೆ.' ಇನ್ನೊಂದು ಬಗೆಯ ದೂರು ಬರುವಾಗ ದನಿ ತಗ್ಗುತ್ತದೆ, ಕಣ್ಣು ಬಾಗಿಲ ಕಡೆ ಹೋಗುತ್ತದೆ. 'ಸರ್ ಬಹಳ ಕೂಗಾಡ್ತಾರಂತೆ.' 'ಅತ್ತರೂ ಕಾಲು ಬಿಡಲ್ಲ.' 'ದಪ್ಪ ಆಗ್ತಿದ್ದೀಯ ಅಂತ ಎಲ್ಲರ ಎದುರೇ ಅಂದರಂತೆ, ಮಗು ರಾತ್ರಿ ಊಟ ಬಿಟ್ಟಿದೆ.'

ಗಟ್ಟಿಯಾಗಿ ಹೇಳಬೇಕಾದದ್ದನ್ನು ನಾವು ಪಿಸುಗುಟ್ಟುತ್ತೇವೆ, ನುಂಗಿಕೊಳ್ಳಬಹುದಾದದ್ದನ್ನು ಕೂಗಿ ಹೇಳುತ್ತೇವೆ. ಮಕ್ಕಳನ್ನು ಈ ಕ್ರೀಡೆಗೆ ಕಳಿಸುವ ನಮ್ಮ ಅಸಮಾಧಾನದ ಮೂಲದೋಷ ಇದೇ ಎಂದು ನನಗನ್ನಿಸುತ್ತದೆ. ಈ ಎರಡು ದೂರುಗಳಿಗೆ ಸಂಬಂಧವೂ ಇದೆ. ಮಗಳಿಗೆ ಪದಕ, ಪಟ್ಟಿಯಲ್ಲಿ ಹೆಸರು, ಮುಂದಿನ ಹಂತ ಇವೆಲ್ಲ ಕೋಚ್ ಕೈಯಲ್ಲಿವೆ ಎಂದು ನಂಬಿದ ಮೇಲೆ, ಆ ಕೈ ಮಗುವಿನ ಮೈಮೇಲೆ ಹೇಗೆ ಬೀಳುತ್ತಿದೆ ಎಂದು ಕೇಳುವ ಧೈರ್ಯ ಉಳಿಯುವುದಿಲ್ಲ. ಮೊದಲ ದೂರಿನ ಆಸೆಯೇ ಎರಡನೇ ದೂರಿನ ಬಾಯಿ ಕಟ್ಟುತ್ತದೆ.

ಮೊದಲ ಬಗೆಯದನ್ನು ಬೇಗ ಮುಗಿಸೋಣ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ನ್ಯಾಯ ಕೋಚ್ ಕಡೆಗೇ ಇರುತ್ತದೆ. ಹುಡುಗಿಯರು ಹತ್ತಿ ಕಸರತ್ತು ಮಾಡುವ ಬ್ಯಾಲೆನ್ಸ್ ಬೀಮ್‌ನ ಅಗಲ ಕೇವಲ 10 ಸೆಂಟಿಮೀಟರ್, ಎತ್ತರ ಒಂದೂಕಾಲು ಮೀಟರ್. ಅದರ ಮೇಲೆ ಹಿಂದಕ್ಕೆ ಪಲ್ಟಿ ಹೊಡೆಯುವ ಮಗು ಅದಕ್ಕೂ ಮೊದಲು ನೆಲದ ಗೆರೆಯ ಮೇಲೆ, ಆಮೇಲೆ ತಗ್ಗು ಬೀಮ್ ಮೇಲೆ, ಕೆಳಗೆ ದಪ್ಪ ಮ್ಯಾಟ್ ಹಾಸಿಕೊಂಡು ಅದನ್ನು ನೂರಾರು ಸಲ ಮಾಡಿರಬೇಕು. ತೋಳಿಗೆ ಕಸುವು ಬರುವ ಮುನ್ನ ಕೈಮೇಲೆ ನಿಲ್ಲಿಸಿದರೆ ಮಣಿಕಟ್ಟು ಸೋಲುತ್ತದೆ. ಹೊಟ್ಟೆಯ ಸ್ನಾಯು ಗಟ್ಟಿಯಾಗುವ ಮುನ್ನ ಬೆನ್ನು ಬಗ್ಗಿಸಿದರೆ ಸೊಂಟ ಸೋಲುತ್ತದೆ. ಹಾಗಾಗಿ ಒಳ್ಳೆಯ ಕೋಚ್ ನಿಧಾನಿ. ತಿಂಗಳುಗಟ್ಟಲೆ ಪುಷ್-ಅಪ್, ಕಂಬಿಗೆ ಜೋತು ಬೀಳುವುದು, ಬೀಳುವುದನ್ನು ಕಲಿಯುವುದು ಇಷ್ಟನ್ನೇ ಮಾಡಿಸುವವನು ದುಡ್ಡಿಗೆ ಮೋಸ ಮಾಡುತ್ತಿಲ್ಲ. ಆ ದುಡ್ಡಿನಲ್ಲಿ ಕೊಳ್ಳಬಹುದಾದ ಅತಿ ಬೆಲೆಬಾಳುವ ವಸ್ತುವನ್ನೇ ಕೊಡುತ್ತಿದ್ದಾನೆ. ಮೂರು ತಿಂಗಳಲ್ಲಿ ಪಲ್ಟಿ ಹೊಡೆಯುವ ವಿಡಿಯೊ ಬೇಕೆನ್ನುವ ಅಪ್ಪನೇ ಅಲ್ಲಿ ಅಪಾಯಕಾರಿ. ಅಂಥವರ ಒತ್ತಾಯಕ್ಕೆ ಮಣಿದು ಹಂತ ಹಾರಿಸುವ ಕೋಚ್ ಅವನಿಗಿಂತ ದೊಡ್ಡ ಅಪಾಯ.

ಕೂಗಿನ ವಿಷಯದಲ್ಲೂ ಕೋಚ್ ಪರವಾಗಿ ಒಂದು ಮಾತು ಹೇಳಬೇಕು. ಬಾರ್ ಕಡೆ ಓಡುತ್ತಿರುವ ಮಗುವಿನ ದಾರಿಗೆ ಇನ್ನೊಂದು ಮಗು ಅಡ್ಡ ಬಂದಾಗ 'ನಿಲ್ಲು!' ಎಂದು ಗೋಡೆ ನಡುಗುವಂತೆ ಕೂಗುವುದು ಅವನ ಕರ್ತವ್ಯ. ಕುತ್ತಿಗೆ ಮುರಿಯುವುದಕ್ಕೆ ಅರೆಕ್ಷಣ ಸಾಕಾಗುವ ಜಾಗದಲ್ಲಿ ಮೃದು ಮಾತಿಗೆ ಸಮಯವಿರುವುದಿಲ್ಲ. ಆದರೆ ಅದು ಮುಗಿದು, ಮಕ್ಕಳು ಸಾಲಾಗಿ ಕೂತಾಗ, ಬೀಳಲು ಹೆದರಿದ ಎಂಟು ವರ್ಷದ ಹುಡುಗಿಯನ್ನು ಎದ್ದು ನಿಲ್ಲಿಸಿ 'ಇವಳನ್ನ ನೋಡಿ, ಅಮ್ಮನ ಸೆರಗು ಬೇಕಂತೆ ಇವಳಿಗೆ' ಎಂದು ನಗಿಸುತ್ತಾರಲ್ಲ, ಆ ಮಾತಿನಿಂದ ಯಾರ ಕುತ್ತಿಗೆಯೂ ಉಳಿಯುವುದಿಲ್ಲ. ಎರಡಕ್ಕೂ 'ಸ್ಟ್ರಿಕ್ಟ್' ಎಂಬ ಒಂದೇ ಹೆಸರು ಕೊಟ್ಟುಬಿಟ್ಟಿದ್ದೇವೆ.

ನನ್ನ ಮಗಳೂ ಕೆಲವು ವರ್ಷ ಈ ಕ್ರೀಡೆ ಕಲಿತಳು. ಅವಳ ಅಕಾಡೆಮಿಯಲ್ಲಿ ಸ್ಪ್ಲಿಟ್ ಕೂರಿಸುವ ದಿನಗಳಿದ್ದವು. ಮಗು ಎರಡು ಕಾಲನ್ನೂ ಅಗಲಿಸಿ ಕೂರಬೇಕು, ನೆಲಕ್ಕೂ ತೊಡೆಗೂ ನಡುವೆ ಜಾಗ ಉಳಿದರೆ ಕೋಚ್ ಹಿಂದಿನಿಂದ ಬಂದು ಭುಜ ಹಿಡಿದು, ಕೆಲವೊಮ್ಮೆ ತನ್ನ ಮೊಣಕಾಲೂರಿ, ಕೆಳಕ್ಕೆ ಒತ್ತುತ್ತಿದ್ದರು. ಮಕ್ಕಳು ಅಳುತ್ತಿದ್ದರು. ಅಳುವುದು ಆ ದಿನದ ಪಾಠದ ಭಾಗವೆಂದೇ ಎಲ್ಲರೂ ಒಪ್ಪಿಕೊಂಡಿದ್ದರು. ಹಳೆಯ ಮಕ್ಕಳು ಹೊಸಬರಿಗೆ 'ಮೊದಮೊದಲು ಎಲ್ಲರೂ ಅಳ್ತಾರೆ' ಎಂದು ಸಮಾಧಾನ ಹೇಳುವಷ್ಟು. ನಾನು ಹೋಗಿ ಕೇಳಿದೆ.

'ಸರ್, ಅಳುವಾಗಲೂ ಒತ್ತಬೇಕಾ?'

'ಮೇಡಮ್, ಈಗ ಬಿಟ್ಟರೆ ಆಮೇಲೆ ಮೈ ಬಗ್ಗಲ್ಲ. ನಮ್ಮ ಕೋಚ್ ನಮ್ಮ ಬೆನ್ನ ಮೇಲೆ ಹತ್ತಿ ನಿಲ್ತಿದ್ರು.'

'ಅವಳು ಸಾಕು ಅಂದರೆ ಬಿಡ್ತೀರಾ?'

'ಮಕ್ಕಳು ದಿನಾ ಸಾಕು ಅಂತಾರೆ ಮೇಡಮ್. ನೀವು ಹೊರಗೆ ಕೂತ್ಕೊಳಿ, ನಾನು ನೋಡ್ಕೋತೀನಿ.'

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಿದ್ದರು, ಫೀಸು ಕಟ್ಟಲಾಗದ ಒಬ್ಬ ಹುಡುಗನಿಗೆ ಪುಕ್ಕಟೆ ಕಲಿಸುತ್ತಿದ್ದರು. ಆದರೆ ಅವರ ಉತ್ತರದಲ್ಲಿದ್ದ ತರ್ಕವನ್ನು ಬಿಡಿಸಿ ನೋಡಿ. ನನಗೆ ಹೀಗೆ ಮಾಡಿದರು, ಆದ್ದರಿಂದ ಇದು ವಿದ್ಯೆ. ಮಗುವಿನ 'ಸಾಕು' ಎಂಬುದು ದಿನಾ ಕೇಳಿಬರುತ್ತದೆ, ಆದ್ದರಿಂದ ಅದಕ್ಕೆ ಅರ್ಥವಿಲ್ಲ. ತಾಯಿ ಒಳಗಿನವಳಲ್ಲ, ಆದ್ದರಿಂದ ಅವಳ ಪ್ರಶ್ನೆ ತಂಟೆ. ಮೂರೂ ಸೇರಿದಾಗ ಒಂದು ಕೋಣೆ ಪೂರ್ತಿ ಮುಚ್ಚಿಹೋಗುತ್ತದೆ, ಅದರಲ್ಲಿರುವವನು ಸಜ್ಜನನಾದರೂ.

ಮೈಯ ಲೆಕ್ಕಾಚಾರವೂ ಅವರ ಕಡೆಗಿರಲಿಲ್ಲ. ಸ್ನಾಯು ಹಿಗ್ಗುವುದು ದಿನದಿನಕ್ಕೆ, ಬೆಚ್ಚಗಾದ ಮೈಯಲ್ಲಿ, ಮಗು ತಾನೇ ಉಸಿರು ಬಿಡುತ್ತ ಇಳಿದಾಗ. ಹೆದರಿ ಅಳುವ ಮಗುವಿನ ಸ್ನಾಯು ಬಿಗಿಯುತ್ತದೆ. ಬಿಗಿದ ಸ್ನಾಯುವಿನ ಮೇಲೆ ದೊಡ್ಡವರ ಭಾರ ಬಿದ್ದಾಗ ಹರಿಯುವ ಸಾಧ್ಯತೆ ಹೆಚ್ಚು. ಮಕ್ಕಳ ಎಲುಬಿನ ತುದಿಗಳಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ, ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಕೈಮೇಲೆ ಪದೇಪದೇ ಭಾರ ಬೀಳುವ ಈ ಕ್ರೀಡೆಯಲ್ಲಿ ಮಣಿಕಟ್ಟಿನ ಗ್ರೋತ್ ಪ್ಲೇಟ್ ನೋಯುವುದು ಎಷ್ಟು ಮಾಮೂಲು ಎಂದರೆ ಅದಕ್ಕೆ 'ಜಿಮ್ನಾಸ್ಟ್ ರಿಸ್ಟ್' ಎಂಬ ಹೆಸರೇ ಬಿದ್ದಿದೆ. ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುತ್ತಲೇ ಇದ್ದರೆ ಸೊಂಟದ ಕಶೇರುಗಳಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದುಂಟು. ಇದನ್ನೆಲ್ಲ ತಡೆಯಲು ಕೋಚ್ ಬಳಿಯಿರುವ ಮುಖ್ಯ ಸಾಧನ ಒಂದೇ, 'ಇಲ್ಲಿ ನೋಯ್ತಿದೆ ಸರ್' ಎಂಬ ಮಗುವಿನ ಮಾತು. ನೋವು ಹೇಳಿದ ಮಗುವನ್ನು ಅಳುಬುರುಕಿ ಎಂದು ಕರೆದ ದಿನವೇ ಆ ಸಾಧನ ಕೆಡುತ್ತದೆ. ಮುಂದಿನ ಸಲ ಅವಳು ಹೇಳುವುದಿಲ್ಲ, ಬಿರುಕು ಎಕ್ಸ್-ರೇಯಲ್ಲಿ ಕಂಡಾಗಲೇ ಗೊತ್ತಾಗುವುದು.

ಇಷ್ಟಾದರೂ ಪ್ರತಿಸಲ ಎದುರಾಗುವ ವಾದವೊಂದಿದೆ: ಹೀಗೆ ಗಟ್ಟಿಯಾಗಿ ಬಡಿಯದೆ ಚಾಂಪಿಯನ್ ಆಗುವುದಿಲ್ಲ. ಸಾಕ್ಷಿಗೆ ನಾಡಿಯಾ ಕೊಮನೆಚಿಯನ್ನು ಕರೆಯುತ್ತಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ಈ ಹದಿನಾಲ್ಕರ ಹುಡುಗಿ ಪರಿಪೂರ್ಣ 10 ಅಂಕ ಪಡೆದಾಗ ಅದನ್ನು ತೋರಿಸಲು ಅಂಕಫಲಕಕ್ಕೆ ಬಾರದೆ 1.00 ಎಂದು ಮೂಡಿದ್ದು ಕ್ರೀಡಾಲೋಕದ ಪುರಾಣವೇ ಆಗಿದೆ. ಅವಳನ್ನು ತಯಾರು ಮಾಡಿದ ಬೇಲಾ ಮತ್ತು ಮಾರ್ತಾ ಕರೋಲಿ ದಂಪತಿ 1981ರಲ್ಲಿ ಅಮೆರಿಕಕ್ಕೆ ಓಡಿಬಂದರು, ಅಲ್ಲೂ ಚಾಂಪಿಯನ್‌ಗಳನ್ನು ಕೊಟ್ಟರು. ಅವರ ಕ್ರಮ ಫಲ ಕೊಟ್ಟಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಯಾರ ಮೇಲೆ ಫಲ ಕೊಟ್ಟಿತು? ಇನ್ನೂ ಪ್ರಾಯಕ್ಕೆ ಬಾರದ, ಎದುರಾಡಲು ಬಾರದ ಪುಟ್ಟ ಹುಡುಗಿಯರ ಮೇಲೆ. ಆ ಕಾಲದ ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. 1997ರಲ್ಲಿ ಒಲಿಂಪಿಕ್ಸ್‌ನಂಥ ಕೂಟಗಳಿಗೆ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿದ್ದು ಸುಮ್ಮನೆ ಅಲ್ಲ. 1994ರಲ್ಲಿ ಅಮೆರಿಕದ ಕ್ರಿಸ್ಟಿ ಹೆನ್ರಿಚ್ ಎಂಬ ಪ್ರತಿಭಾವಂತೆ ತೂಕ ಇಳಿಸುವ ಗೀಳಿನಲ್ಲಿ ಊಟ ಬಿಟ್ಟು ಬಿಟ್ಟು, ಅಂಗಾಂಗಗಳು ಕೈಕೊಟ್ಟು, 22ನೇ ವಯಸ್ಸಿಗೆ ತೀರಿಕೊಂಡಿದ್ದಳು. ಗೆದ್ದವರನ್ನು ಮಾತ್ರ ಎಣಿಸುವ ವಾದಕ್ಕೆ ಇಂಥವರ ಲೆಕ್ಕ ಇಡುವ ಖಾತೆಯೇ ಇರುವುದಿಲ್ಲ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕೆರಿ ಸ್ಟ್ರಗ್ ಕಾಲಿಗೆ ಪೆಟ್ಟಾಗಿದ್ದರೂ ಎರಡನೇ ಸಲ ವಾಲ್ಟ್ ಜಿಗಿದು, ಒಂಟಿಕಾಲಲ್ಲಿ ನಿಂತು, ಕುಸಿದಳು. ಬೇಲಾ ಕರೋಲಿ ಅವಳನ್ನು ತೋಳಲ್ಲಿ ಎತ್ತಿಕೊಂಡು ಪದಕವೇದಿಕೆಗೆ ಬಂದ ಚಿತ್ರ ಎಲ್ಲೆಡೆ ಅಚ್ಚಾಯಿತು. ಅಂಕಗಳನ್ನೆಲ್ಲ ಕೂಡಿದ ಮೇಲೆ ತಿಳಿದದ್ದು, ಆ ಎರಡನೇ ಜಿಗಿತ ಇಲ್ಲದಿದ್ದರೂ ತಂಡ ಚಿನ್ನ ಗೆಲ್ಲುತ್ತಿತ್ತು ಎಂದು. ಅದಾಗಿ ಕಾಲು ಶತಮಾನದ ಮೇಲೆ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಅದೇ ದೇಶದ ಸಿಮೋನ್ ಬೈಲ್ಸ್ ಗಾಳಿಯಲ್ಲಿರುವಾಗ ತನ್ನ ಮೈ ಎತ್ತ ತಿರುಗುತ್ತಿದೆ ಎಂಬ ಅಂದಾಜೇ ಸಿಗುತ್ತಿಲ್ಲ ಎಂದು ತಂಡದ ಫೈನಲ್‌ನಿಂದ ಹೊರಬಂದರು. ಎಷ್ಟೋ ಜನ ಹೇಡಿ ಎಂದರು. ಅದೇ ಬೈಲ್ಸ್ 2024ರಲ್ಲಿ ಪ್ಯಾರಿಸ್‌ಗೆ ಹೋದಾಗ ವಯಸ್ಸು 27. ತಂದದ್ದು ಮೂರು ಚಿನ್ನ, ಒಂದು ಬೆಳ್ಳಿ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 1992ರಿಂದ ಟೋಕಿಯೋದವರೆಗೆ ಎಂಟು ಒಲಿಂಪಿಕ್ಸ್ ಆಡಿದರು, ಕೊನೆಯದರಲ್ಲಿ ಅವರಿಗೆ 46 ವರ್ಷ. ಇಷ್ಟು ದೀರ್ಘಕಾಲ ಬಾಳುವ ಆಟವನ್ನು ನಾವು ಹನ್ನೆರಡರೊಳಗೆ ಮುಗಿಯಬೇಕಾದ ಓಟದಂತೆ ಕಲಿಸುತ್ತಿದ್ದೇವೆ. 'ಈಗ ಬಿಟ್ಟರೆ ಆಮೇಲೆ ಬಗ್ಗಲ್ಲ' ಎಂಬ ಅವಸರ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡರೆ, ಮೈಗಿಂತ ಹೆಚ್ಚಾಗಿ ಟೂರ್ನಿಗಳ ವಯೋಮಿತಿ ಪಟ್ಟಿಯೇ ಉತ್ತರವೆಂದು ತೋರುತ್ತದೆ.

ನಮ್ಮಲ್ಲಿಗೆ ಬಂದರೆ ದೀಪಾ ಕರ್ಮಾಕರ್ ಮತ್ತು ಅವರ ಕೋಚ್ ಬಿಶ್ವೇಶ್ವರ ನಂದಿಯವರ ಕತೆ ಇದೆ. ಅಗರ್ತಲಾದ ಈ ಹುಡುಗಿಯದು ಚಪ್ಪಟೆ ಪಾದ. ಜಿಗಿತಕ್ಕೆ, ಇಳಿತಕ್ಕೆ ಅದೊಂದು ಅಡ್ಡಿ. ತಂದೆ ಸ್ವತಃ ವೇಟ್‌ಲಿಫ್ಟಿಂಗ್ ಕೋಚ್. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪ್ರೊಡುನೋವಾ ಎಂಬ ಅತಿ ಅಪಾಯದ ವಾಲ್ಟ್ ಜಿಗಿದು ದೀಪಾ ನಾಲ್ಕನೆಯವರಾದರು, ಕಂಚು ತಪ್ಪಿದ್ದು 0.15 ಅಂಕದಿಂದ. ಫೈನಲ್‌ಗೆ ಮುಂಚೆ ಅವರ ಹುಟ್ಟುಹಬ್ಬ ಬಂದಿತ್ತು. ಮನಸ್ಸು ಚದುರಬಾರದೆಂದು ಫೋನಿನ ಸಿಮ್ ತೆಗೆದಿಟ್ಟು, ಅಪ್ಪ-ಅಮ್ಮನ ಜೊತೆ ಮಾತ್ರ ಮಾತಾಡಲು ನಂದಿ ಬಿಟ್ಟಿದ್ದರೆಂದು ಪತ್ರಿಕೆಗಳು ಮೆಚ್ಚಿ ಬರೆದವು. ಇದು ಹಿಡಿತವೇ? ಹೌದು. ಆದರೂ ನಾನು ಇದನ್ನು ಅಳುವ ಮಕ್ಕಳನ್ನು ಒತ್ತುತ್ತಿದ್ದ ಆ ಮೊಣಕಾಲಿನ ಪಕ್ಕ ಇಡುವುದಿಲ್ಲ. ದೀಪಾಗೆ ಆಗ 23, ಒಪ್ಪುವ ಬಿಡುವ ವಯಸ್ಸು. ನಿರ್ಬಂಧ ಕೆಲವು ದಿನಗಳದ್ದು, ಎಲ್ಲರಿಗೂ ಗೊತ್ತಿದ್ದದ್ದು. ಮುಖ್ಯವಾಗಿ, ಮುಚ್ಚಿದ ಬಾಗಿಲಲ್ಲಿ ಅಪ್ಪ-ಅಮ್ಮನಿಗೆಂದು ಕಿಂಡಿಯೊಂದನ್ನು ತೆರೆದೇ ಇಟ್ಟಿದ್ದರು. ಕಠಿಣ ಕೋಚ್‌ಗೂ ಕ್ರೂರ ಕೋಚ್‌ಗೂ ಇರುವ ವ್ಯತ್ಯಾಸವನ್ನು ಬಹುತೇಕ ಅಲ್ಲೇ ಹುಡುಕಬಹುದು.

ಆ ಕಿಂಡಿಯನ್ನೂ ಮುಚ್ಚಿದ ಕಡೆ ಏನಾಯಿತು ಎಂಬುದು ದಾಖಲೆಯಲ್ಲಿದೆ. ಟೆಕ್ಸಸ್‌ನ ಕಾಡಿನ ನಡುವೆ ಕರೋಲಿ ದಂಪತಿಯ ರಾಂಚ್ ಅಮೆರಿಕದ ರಾಷ್ಟ್ರೀಯ ತರಬೇತಿ ಕೇಂದ್ರವಾಗಿತ್ತು. ಅಲ್ಲಿನ ಶಿಬಿರಗಳಿಗೆ ಪೋಷಕರಿಗೆ ಪ್ರವೇಶವಿರಲಿಲ್ಲ. ತಿಂಡಿ ಮೇಲೆ ಕಣ್ಣು, ತೂಕದ ಮೇಲೆ ಕಣ್ಣು, ನೋವು ಹೇಳಿಕೊಂಡರೆ ತಂಡದಿಂದ ಹೊರಬೀಳುವ ಭಯ. ಇಂಥಲ್ಲಿ ಮಕ್ಕಳ ಜೊತೆ ನಗುತ್ತ ಮಾತಾಡುತ್ತಿದ್ದ, ಗುಟ್ಟಾಗಿ ತಿಂಡಿ ಕೊಡುತ್ತಿದ್ದ ಒಬ್ಬನೇ ದೊಡ್ಡವನೆಂದರೆ ತಂಡದ ವೈದ್ಯ ಲ್ಯಾರಿ ನಾಸರ್. ಚಿಕಿತ್ಸೆಯ ಹೆಸರಲ್ಲಿ ಅವನು ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. 2018ರ ಜನವರಿಯಲ್ಲಿ ಮಿಷಿಗನ್‌ನ ನ್ಯಾಯಾಲಯದಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು, 40ರಿಂದ 175 ವರ್ಷಗಳ ಶಿಕ್ಷೆಯಾಯಿತು. ಕೋಚ್‌ಗಳ ಕ್ರೌರ್ಯವೇ ಆ ವೈದ್ಯನ ಮೃದುತ್ವಕ್ಕೆ ಬೆಲೆ ತಂದುಕೊಟ್ಟಿತ್ತು ಎಂಬುದು ಆ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ. ಎಲ್ಲರೂ ಗದರುವ ಕಡೆ ಗದರದವನನ್ನು ಮಗು ಅನುಮಾನಿಸುವುದು ಹೇಗೆ?

ಹಾಗಾದರೆ ಬಾಗಿಲು ತೆರೆದಿಟ್ಟರೆ ಸಾಕೇ? ಸಾಲದು, ಅದಕ್ಕೂ ನಾಸರ್ ಪ್ರಕರಣವೇ ಪುರಾವೆ. ಎಷ್ಟೋ ಸಲ ತಾಯಿ ಅದೇ ಕೋಣೆಯಲ್ಲಿ ಕೂತಿದ್ದಳು. ಅವನು ಮಗುವಿಗೂ ತಾಯಿಗೂ ನಡುವೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಹದಿಹರೆಯದಲ್ಲೇ, 1997ರಲ್ಲೇ, ವಿಶ್ವವಿದ್ಯಾಲಯದ ಕೋಚ್‌ಗೆ ಹೇಳಿದ್ದೆ ಎಂದು ಒಬ್ಬ ಮಹಿಳೆ ಸಾಕ್ಷ್ಯ ನುಡಿದರು. ಮಗಳನ್ನು ನಂಬದೆ ಕುಟುಂಬದ ಸ್ನೇಹಿತನಾದ ವೈದ್ಯನನ್ನೇ ನಂಬಿದ ಪೋಷಕರೂ ಇದ್ದರು. 2018ರ ಫೆಬ್ರವರಿಯಲ್ಲಿ, ನಾಸರ್‌ನ ದೌರ್ಜನ್ಯಕ್ಕೆ ಸಿಕ್ಕ ಮೂವರು ಹೆಣ್ಣುಮಕ್ಕಳ ತಂದೆಯೊಬ್ಬ ಬೀಗ ಹಾಕಿದ ಕೋಣೆಯಲ್ಲಿ ಇವನ ಜೊತೆ ಐದು ನಿಮಿಷ ಕೊಡಿ ಎಂದು ನ್ಯಾಯಾಧೀಶರನ್ನು ಬೇಡಿ, ಆಗದೆಂದಾಗ ನಾಸರ್ ಮೇಲೆ ನುಗ್ಗಿದ. ಪೊಲೀಸರು ನೆಲಕ್ಕೆ ಕೆಡವಿ ಹಿಡಿದರು. ನ್ಯಾಯಾಧೀಶೆ ಆ ತಂದೆಗೆ ಶಿಕ್ಷೆ ಕೊಡಲಿಲ್ಲ. ಆ ಸಿಟ್ಟನ್ನು ಅರ್ಥಮಾಡಿಕೊಳ್ಳದ ಅಪ್ಪ-ಅಮ್ಮ ಯಾರೂ ಇರಲಾರರು. ಅವನಿಗೆ ಆ ಸಿಟ್ಟು ಬರುವ ಹೊತ್ತಿಗೆ ಮಕ್ಕಳು ಹೇಳಬೇಕಾದದ್ದನ್ನೆಲ್ಲ ಸಭೆಯ ಎದುರು ಹೇಳಿ ಮುಗಿಸಿಯಾಗಿತ್ತು.

ಇದು ಅಮೆರಿಕದ ಒಂದು ಕೆಟ್ಟ ಗಳಿಗೆ ಎಂದು ತಳ್ಳಿಹಾಕುವವರು ಬ್ರಿಟನ್ನಿನ ವರದಿಯನ್ನು ನೋಡಬೇಕು. ಆನ್ ವೈಟ್ ಎಂಬ ನ್ಯಾಯವಾದಿ 2022ರ ಜೂನ್‌ನಲ್ಲಿ ಕೊಟ್ಟ ಆ ವರದಿಗೆ ನಾನೂರಕ್ಕೂ ಹೆಚ್ಚು ಮಂದಿ ಅನುಭವ ಬರೆದುಕೊಟ್ಟಿದ್ದರು. ಶೇ. 40ಕ್ಕೂ ಹೆಚ್ಚಿನವರು ಹೇಳಿದ್ದು ಕೋಚ್‌ಗಳ ದೈಹಿಕ ದೌರ್ಜನ್ಯದ ಬಗ್ಗೆ. (ತಾವಾಗಿಯೇ ಮುಂದೆ ಬಂದವರ ಲೆಕ್ಕ ಇದು, ಕ್ರೀಡೆಯಲ್ಲಿರುವ ಎಲ್ಲ ಮಕ್ಕಳ ಲೆಕ್ಕವಲ್ಲ, ಅಷ್ಟು ಎಚ್ಚರ ಇರಲಿ.) ಆ ವರದಿಯಲ್ಲಿರುವುದು ಲೈಂಗಿಕ ಅಪರಾಧಕ್ಕಿಂತ ಹೆಚ್ಚಾಗಿ ದಿನನಿತ್ಯದ ಸಣ್ಣತನಗಳು. ಗಾಯದ ಮೇಲೆ ಅಭ್ಯಾಸ ಮಾಡಿಸಿದ್ದು, ಶೌಚಕ್ಕೆ ಬಿಡದೆ ನಿಲ್ಲಿಸಿದ್ದು, ನೀರು ಊಟ ತಡೆದದ್ದು, ಅಳುವ ತನಕ ಮೈ ಹಿಗ್ಗಿಸಿದ್ದು, ಎಲ್ಲರ ಎದುರು ತೂಕ ನೋಡಿದ್ದು. ಓದುತ್ತ ಹೋದಂತೆ ಇದು ಇಂಗ್ಲೆಂಡಿನ ಮಾತೋ ನಮ್ಮ ಬೀದಿಯ ಮಾತೋ ಎಂದು ಗೊಂದಲವಾಗುತ್ತದೆ.

ನಮ್ಮಲ್ಲಿ ಇದಕ್ಕೆ ಗುರುಭಕ್ತಿಯ ತೂಕವೂ ಸೇರುತ್ತದೆ. ಕೋಚ್‌ಗಳಿಗೆ ಭಾರತ ಸರ್ಕಾರ 1985ರಿಂದ ಕೊಡುತ್ತಿರುವ ಅತ್ಯುನ್ನತ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರು. ಹೆಸರಿಟ್ಟವರಿಗೆ ಅರ್ಜುನ ನೆನಪಾಗಿದ್ದನೇ ಹೊರತು ಏಕಲವ್ಯ ನೆನಪಾಗಿರಲಿಲ್ಲ ಅನ್ನಿಸುತ್ತದೆ. ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ವಸ್ತಾದರ ಮಾತಿಗೆ ಎದುರಿಲ್ಲ; ಲಕ್ಷ್ಮೇಶ್ವರ, ತುಳಸಿಗೇರಿಯಂಥ ಊರುಗಳಲ್ಲಿ ಮಲ್ಲಕಂಬ ಹತ್ತುವ ಮಕ್ಕಳೂ ಕಂಬಕ್ಕೆ ಕೈಮುಗಿದೇ ಶುರುಮಾಡುತ್ತಾರೆ. ಆ ಪರಂಪರೆಯನ್ನು ನಾನು ಹಳಿಯುತ್ತಿಲ್ಲ. ಆದರೆ ವಸ್ತಾದ ಅದೇ ಓಣಿಯವನಾಗಿದ್ದ. ಮಗುವಿನ ಅಜ್ಜ ಅವನಿಗೆ ಗೊತ್ತು, ಅವನ ಅಪ್ಪ ಇವರಿಗೆ ಗೊತ್ತು, ಮಗು ಕುಂಟುತ್ತ ಮನೆಗೆ ಬಂದರೆ ಮರುದಿನ ಕಟ್ಟೆಯ ಮೇಲೆ ವಿಚಾರಣೆ. ಶಹರದ ಅಕಾಡೆಮಿಯಲ್ಲಿ ವಸ್ತಾದನ ಅಧಿಕಾರ ಪೂರ್ತಿ ಉಳಿದಿದೆ, ಓಣಿಯ ಕಣ್ಣು ಉಳಿದಿಲ್ಲ. ಇಂದು ಕೋಚ್ ಬೇರೆ ಊರಿನವರು, ನಾಳೆ ಬೇರೆ ಅಕಾಡೆಮಿಗೆ ಹೋಗುವವರು. ಅವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದವರೋ, ಹತ್ತು ವರ್ಷದ ಹಿಂದೆ ರಾಜ್ಯಮಟ್ಟದಲ್ಲಿ ಆಡಿ ಬಿಟ್ಟವರೋ ಎಂದು ಕೇಳುವ ರೂಢಿಯೂ ನಮ್ಮಲ್ಲಿಲ್ಲ.

ಕಾನೂನು ಎಲ್ಲಿ ನಿಂತಿದೆ? ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದೇ ಮಗು ಸಂಜೆ ಐದಕ್ಕೆ ಅಕಾಡೆಮಿಯ ಮೆಟ್ಟಿಲು ಹತ್ತಿದರೆ ಆ ರಕ್ಷಣೆ ಹೊಸಿಲಲ್ಲೇ ನಿಂತುಬಿಡುತ್ತದೆ, ಏಕೆಂದರೆ ಅದು ಶಾಲೆಗಳ ಕಾಯ್ದೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಎಲ್ಲೆಡೆ ಅನ್ವಯಿಸುತ್ತದೆ, ಗೊತ್ತಿದ್ದೂ ಹೇಳದವರಿಗೆ ಶಿಕ್ಷೆಯೂ ಇದೆ. ತನ್ನ ಸುಪರ್ದಿಯಲ್ಲಿರುವ ಮಗುವಿಗೆ ಕ್ರೌರ್ಯ ತೋರುವುದು ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಸ್ಪ್ಲಿಟ್ ಕೂರಿಸಿದ್ದಕ್ಕೆ ಪೊಲೀಸ್ ಠಾಣೆಗೆ ಹೋಗುವವರು ಯಾರು, ಹೋದರೂ ಬರೆದುಕೊಳ್ಳುವವರು ಯಾರು? 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸುರಕ್ಷಿತ ಕ್ರೀಡಾ ನೀತಿಯ ಮಾತಾಡಿದೆ. ಒಳ್ಳೆಯದೇ. ಆದರೆ ಅದರ ಕಣ್ಣಿರುವುದು ಒಕ್ಕೂಟಗಳ ಮೇಲೆ. ಸೂಪರ್‌ಮಾರ್ಕೆಟ್ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು ನಾಲ್ಕು ಮ್ಯಾಟ್ ಹಾಸಿದ ಕೋಣೆಯವರೆಗೆ ಅದು ಇಳಿದುಬರಲು ಬಹಳ ಕಾಲ ಬೇಕು. ಅಲ್ಲಿಯವರೆಗೆ ಆ ಕೋಣೆಯ ನಿಯಮಗಳನ್ನು ಬರೆಯುವವರು ಇಬ್ಬರೇ, ಕೋಚ್ ಮತ್ತು ಫೀಸು ಕಟ್ಟುವವರು.

ಹಾಗಾದರೆ ಫೀಸು ಕಟ್ಟುವವರು ಏನು ಕೇಳಬೇಕು? ಗೆರೆ ಎಲ್ಲಿ ಎಂಬುದು ನನಗೆ ಸಾಕಷ್ಟು ಸ್ಪಷ್ಟವಾಗಿದೆ. ಯಾವ ಕಸರತ್ತು ಯಾವಾಗ, ಯಾವ ಹಂತಕ್ಕೆ ಯಾರು, ತಂಡದಲ್ಲಿ ಯಾರ ಹೆಸರು, ಇದು ಕೋಚ್ ವಿದ್ಯೆ. ಅಲ್ಲಿ ನಮ್ಮ ಬಾಯಿಗೆ ಕೆಲಸವಿಲ್ಲ. ನೋವು, ಊಟ, ತೂಕ, ಮುಟ್ಟು, ಭಯ, ಮೈಮೇಲೆ ಬೀಳುವ ಕೈ, ಇದರ ಮೇಲೆ ಕೋಚ್‌ಗೆ ಒಂಟಿ ಅಧಿಕಾರವಿಲ್ಲ. ಪಲ್ಟಿ ಕಲಿಸುವಾಗ ಆಸರೆ ಕೊಡಲು ಮಗುವಿನ ಸೊಂಟ, ಬೆನ್ನು ಹಿಡಿಯಲೇಬೇಕಾಗುತ್ತದೆ. ಮುಟ್ಟದೆ ಈ ವಿದ್ಯೆ ಕಲಿಸಲಾಗದು. ಹಾಗೆಂದೇ ಯಾವ ಕಸರತ್ತಿಗೆ ಎಲ್ಲಿ ಹಿಡಿಯುತ್ತಾರೆ, ಏಕೆ ಹಿಡಿಯುತ್ತಾರೆ ಎಂಬುದನ್ನು ಮಗುವಿಗೂ ನಮಗೂ ಮೊದಲೇ ತೋರಿಸಿಕೊಟ್ಟಿರಬೇಕು. ಬೇರೆಡೆ ಕೈ ಹೋದರೆ ಮಗುವಿಗೆ ಗೊತ್ತಾಗುವುದು ಆಗ. ಒಂದು ಗಾಜಿನ ಗೋಡೆ ಇರಲಿ. ಅದರಾಚೆಯಿಂದ ಕೈಸನ್ನೆ ಮಾಡುತ್ತ ಮಗುವಿಗೆ ಸೂಚನೆ ಕೊಡುವ ಪೋಷಕರನ್ನು ಕೋಚ್ ಹೊರಗೆ ಕಳಿಸಲಿ, ಆ ಹಕ್ಕು ಅವರಿಗಿದೆ.

'ಹೀಗೆಲ್ಲ ಕೇಳಿದರೆ ಮಗುವಿನ ಮೇಲೆ ತೀರಿಸಿಕೊಳ್ತಾರೆ' ಎಂಬ ಭಯವನ್ನು ನಾನು ಲಘುವಾಗಿ ಕಾಣುವುದಿಲ್ಲ. ಅದು ನಿಜದ ಭಯ. ಸಾಲಿನಲ್ಲಿ ಕೊನೆಗೆ ನಿಲ್ಲಿಸುವುದು, ಆಸರೆ ಕೊಡುವ ಸರದಿ ತಪ್ಪಿಸುವುದು, 'ನಿಮ್ಮಮ್ಮನ್ನ ಕೇಳಿ ಹೇಳ್ತೀನಿ' ಎಂದು ಕೊಂಕು ಎಸೆಯುವುದು, ಎಲ್ಲ ನಡೆಯುತ್ತದೆ. ಒಬ್ಬ ತಾಯಿ ಕೇಳಿದರೆ ಹೀಗಾಗುತ್ತದೆ, ಹೊರಗೆ ಕೂತ ಹತ್ತು ಮಂದಿ ಒಟ್ಟಿಗೆ ಕೇಳಿದರೆ ಆಗುವುದಿಲ್ಲ. ಆದರೆ ಒಟ್ಟಿಗೆ ಕೇಳಲು ನಮಗೆ ಅಡ್ಡ ಬರುವುದು ಮತ್ತದೇ ಮೊದಲ ದೂರು. ಪಟ್ಟಿಯಲ್ಲಿ ಇವಳ ಹೆಸರು ಹೋದರೆ ನಮ್ಮವಳ ಹೆಸರು ಬರಬಹುದು ಎಂಬ ಲೆಕ್ಕ ಒಳಗೊಳಗೇ ಓಡುತ್ತಿರುವಾಗ, ಪಕ್ಕದ ಕುರ್ಚಿಯ ತಾಯಿ ಎದ್ದು ಜಗಳ ಮಾಡಿದರೆ ನಮಗೆ ಲಾಭವೇ. ನಮ್ಮನ್ನು ಹೀಗೆ ಬಿಡಿಬಿಡಿಯಾಗಿ ಇಡಲು ಕೋಚ್ ಏನೂ ಮಾಡಬೇಕಾಗಿಲ್ಲ, ತಿಂಗಳಿಗೊಮ್ಮೆ ಒಂದು ಪಟ್ಟಿ ಹಾಕಿದರೆ ಸಾಕು.

ಅಕಾಡೆಮಿಗೆ ಸೇರಿಸುವ ದಿನ ನಮ್ಮ ಕೈಗೆ ಒಂದು ಅರ್ಜಿ ಕೊಡುತ್ತಾರೆ. ಪೆಟ್ಟಾದರೆ ಅಕಾಡೆಮಿ ಹೊಣೆಯಲ್ಲ ಎಂಬ ಸಾಲಿನ ಕೆಳಗೆ ನಾವು ಸಹಿ ಹಾಕುತ್ತೇವೆ. ಅದರ ಹಿಂಬದಿ ಸಾಮಾನ್ಯವಾಗಿ ಖಾಲಿ. ಅಲ್ಲಿ ಕೋಚ್ ತಾನು ಮಾಡದ ನಾಲ್ಕು ಕೆಲಸ ಬರೆದು ಸಹಿ ಹಾಕಲಿ: ಸಾಕು ಎಂದ ಮಗುವಿನ ಮೈ ಒತ್ತುವುದಿಲ್ಲ, ತೂಕದ ಮಾತನ್ನು ಮಗುವಿನ ಎದುರು ಆಡುವುದಿಲ್ಲ, ನೋವು ಹೇಳಿದ ದಿನ ಆ ಕಸರತ್ತು ಮಾಡಿಸುವುದಿಲ್ಲ, ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಅದರ ಕೆಳಗೆ ನಾವೂ ಬರೆದುಕೊಡೋಣ, ನಮ್ಮ ಮಗು ಯಾವಾಗ ಮುಂದಿನ ಹಂತಕ್ಕೆ ಹೋಗುತ್ತದೆ ಎಂದು ಕೇಳುವುದಿಲ್ಲ ಎಂದು. ಕೋಚ್‌ಗಳು ಒಪ್ಪುತ್ತಾರೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಒಬ್ಬಿಬ್ಬರು ಒಪ್ಪಬಹುದು. ತಮ್ಮ ಪಾಲಿನ ಆ ಸಾಲಿಗೆ ಪೋಷಕರು ಸಹಿ ಹಾಕುತ್ತಾರೆಯೇ ಎಂಬುದರ ಬಗ್ಗೆಯೇ ನನಗೆ ಹೆಚ್ಚು ಅನುಮಾನ.